ಭಾರತಕಾವ್ಯಗಳಲ್ಲಿ ಒಡೆಯನೂ ಹಿತವಾದಿಯೂ

೧

ದುರ್ಯೋಧನನು ಕೆಟ್ಟುದು ಹಿರಿಯರ ಹಿತವಚನವನ್ನು ಕೇಳದೆ ಹೋದುದರಿಂದ ಎಂಬುದು ಭಾರತಕಥೆಯನ್ನು ಓದಿದವರೆಲ್ಲರೂ ಒಪ್ಪಿಕೊಂಡು ಬಂದಿರುವ ತೀರ್ಮಾನ. ಪಾಠಶಾಲೆಯ ವಾಚನದಿಂದ ಮೊದಲ್ಗೊಂಡು ಪ್ರೌಢವಿಮರ್ಶೆಯವರೆಗೆ ಈ ಮಾತು ನಾನಾ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಸುಳ್ಳಲ್ಲ, ಆದರೆ ಅಪೂರ್ಣ. ಹಿತವನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಹೇಳಿದ ಮೇಲೆ ಅವರಿಗೆ ಏನಾಯಿತು, ಹೇಳಬಹುದಾಗಿದ್ದೂ ಸುಮ್ಮನಿದ್ದವರು ಎಷ್ಟು ಮಂದಿ ಎಂಬ ಪ್ರಶ್ನೆಗಳನ್ನು ಈ ತೀರ್ಮಾನವು ಮುಟ್ಟುವುದಿಲ್ಲ. ದೋಷವೆಲ್ಲವನ್ನೂ ಒಬ್ಬ ಅರಸನ ಕಿವಿಯಲ್ಲಿಟ್ಟು, ಸಭೆಯ ಸ್ಥಿತಿಯನ್ನು ಅದು ವಿಚಾರಣೆಯಿಂದ ಹೊರಗೆ ಬಿಟ್ಟುಬಿಡುತ್ತದೆ.

ನಮ್ಮ ನೀತಿಗ್ರಂಥಗಳು ಮಂತ್ರಿಯ ಧೈರ್ಯವನ್ನು ಬಹಳವಾಗಿ ಹೊಗಳಿವೆ. ಅಪ್ರಿಯವಾದರೂ ಹಿತವನ್ನೇ ನುಡಿಯಬೇಕೆಂಬ ವಿಧಿಯು ಮಂತ್ರಿಗೆ ಉಂಟು. ಆ ನುಡಿಯು ಸಾಧ್ಯವಾಗುವಂತೆ ಸಭೆಯನ್ನು ನಡೆಸಬೇಕೆಂಬ ವಿಧಿಯು ಒಡೆಯನಿಗೆ ಉಂಟೇ? ರಾಮಾಯಣದ ಅರಣ್ಯಕಾಂಡದಲ್ಲಿ ಮಾರೀಚನು ರಾವಣನಿಗೆ ಬುದ್ಧಿ ಹೇಳುವಾಗ ದುರ್ಲಭರಾದವರ ಪಂಕ್ತಿಯಲ್ಲಿ ಹೇಳುವವನೊಡನೆ ಕೇಳುವವನನ್ನೂ ಸೇರಿಸುತ್ತಾನೆ. ಆದುದರಿಂದ ಪ್ರಶ್ನೆಯು ಕವಿಗಳಿಗೆ ಹೊಸದಲ್ಲ. ಈಚಿನ ಕಾಲದಲ್ಲಿ ಇದನ್ನು ಶಾಸ್ತ್ರೀಯವಾಗಿ ವಿಚಾರಿಸಿದವರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಏಮಿ ಎಡ್ಮಂಡ್‌ಸನ್ ಪ್ರಮುಖರು. ೧೯೯೯ರಲ್ಲಿ ಒಂದು ಉದ್ಯಮಸಂಸ್ಥೆಯ ೫೧ ಕಾರ್ಯತಂಡಗಳನ್ನು ಪರಿಶೀಲಿಸಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ 'ಮಾನಸಿಕ ಸುರಕ್ಷತೆ' ಎಂಬ ಕಲ್ಪನೆಯನ್ನು ಪ್ರತಿಪಾದಿಸಿದ್ದಾರೆ. ತಪ್ಪನ್ನು ಒಪ್ಪಿಕೊಂಡರೂ, ಸಂಶಯವನ್ನು ಎತ್ತಿದರೂ, ಭಿನ್ನಾಭಿಪ್ರಾಯವನ್ನು ನುಡಿದರೂ ತನಗೆ ಅವಮಾನವಾಗಲಿ ದಂಡನೆಯಾಗಲಿ ಬಾರದೆಂದು ತಂಡದವರೆಲ್ಲರಲ್ಲಿಯೂ ನೆಲೆಸಿರುವ ನಂಬಿಕೆಯೇ ಅದು. ಇದರಲ್ಲಿ ಸಾಹಿತ್ಯವಿಮರ್ಶೆಗೆ ಉಪಯುಕ್ತವಾದ ಅಂಶವೊಂದುಂಟು. ಈ ನಿರ್ಭೀತಿಯು ಒಬ್ಬೊಬ್ಬ ವ್ಯಕ್ತಿಯ ಗುಣವಲ್ಲ, ಸಮೂಹದ ಗುಣ. ಅದು ಹುಟ್ಟುವುದೂ ಅಳಿಯುವುದೂ ಬಹುಮಟ್ಟಿಗೆ ನಾಯಕನ ನಡೆಯಿಂದ.

ಹೊಸ ಕಾಲದ ಪರಿಭಾಷೆಯನ್ನು ಹಳೆಯ ಕಾವ್ಯದ ಮೇಲೆ ಹೊರಿಸುವುದು ಇಲ್ಲಿಯ ಉದ್ದೇಶವಲ್ಲ. ಈ ಬೆಳಕಿನಲ್ಲಿ ನೋಡಿದಾಗ ಮೂಲದಲ್ಲಿಯೇ ಇದ್ದು ಕಣ್ಣಿಗೆ ಬೀಳದೆ ಹೋದ ಸಂಗತಿಗಳು ಕಾಣುವುದಾದರೆ ಅಷ್ಟೇ ಪ್ರಯೋಜನ. ವ್ಯಾಸಭಾರತ, ಭಾರವಿಯ ಕಿರಾತಾರ್ಜುನೀಯ, ಪಂಪನ ವಿಕ್ರಮಾರ್ಜುನವಿಜಯ, ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿ ಇವುಗಳಿಂದ ಆಯ್ದ ಕೆಲವು ಸಂದರ್ಭಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

೨

ಮೊದಲನೆಯದು ದ್ಯೂತಸಭೆ. ದ್ರೌಪದಿಯು ಸಭೆಯ ಮುಂದೆ ಧರ್ಮಪ್ರಶ್ನೆಯನ್ನಿಟ್ಟಾಗ ನೆರೆದ ಅರಸರು ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ನುಡಿಯಲಿಲ್ಲ. ವ್ಯಾಸರು ಇದಕ್ಕೆ ಕಾರಣವನ್ನು ಊಹೆಗೆ ಬಿಟ್ಟಿಲ್ಲ. ದುರ್ಯೋಧನನ ಭಯವೇ ಕಾರಣವೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಆ ಮೌನವನ್ನು ಮುರಿದವನು ಹಿರಿಯರಲ್ಲಿ ಒಬ್ಬನಲ್ಲ, ದುರ್ಯೋಧನನ ತಮ್ಮನಾದ ವಿಕರ್ಣ. ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣವಾಗಿಡುವ ಅಧಿಕಾರವೆಲ್ಲಿ ಎಂದು ಅವನು ಕ್ರಮವಾಗಿ ವಾದಿಸುತ್ತಾನೆ.

ಮುಂದೆ ನಡೆದುದು ಗಮನಾರ್ಹ. ವಿಕರ್ಣನ ಮಾತು ಮುಗಿಯುತ್ತಲೇ ಸಭೆಯಲ್ಲಿ ದೊಡ್ಡ ಕೋಲಾಹಲವೇಳುತ್ತದೆ. ಸಭಿಕರು ವಿಕರ್ಣನನ್ನು ಹೊಗಳಿ ಶಕುನಿಯನ್ನು ನಿಂದಿಸುತ್ತಾರೆ. ಎಂದರೆ, ಅವನು ಆಡಿದ ಮಾತು ಸಭೆಗೆ ಅಪರಿಚಿತವಾಗಿರಲಿಲ್ಲ. ಅದು ಅನೇಕರ ಮನಸ್ಸಿನಲ್ಲಿತ್ತು, ನಾಲಗೆಗೆ ಬಂದಿರಲಿಲ್ಲ. ಆ ಕೋಲಾಹಲವು ಅಡಗಿದೊಡನೆ ಕರ್ಣನು ಸಿಟ್ಟಿನಿಂದೆದ್ದು ವಿಕರ್ಣನನ್ನು ಧರ್ಮವರಿಯದ ಹುಡುಗನೆಂದು ಜರೆದು ಬಾಯಿ ಮುಚ್ಚಿಸುತ್ತಾನೆ. ಅವನ ವಾದಕ್ಕೆ ಪ್ರತಿವಾದವನ್ನೂ ಹೂಡುತ್ತಾನೆಂಬುದು ನಿಜ. ಆದರೆ ಮೊದಲ ಪೆಟ್ಟು ಬಿದ್ದುದು ವಾದಕ್ಕಲ್ಲ, ವಯಸ್ಸಿಗೆ. ಇದನ್ನು ಕಂಡ ಸಭಿಕರು ಕಲಿತ ಪಾಠವೇನೆಂಬುದು ಆಮೇಲಿನ ಅವರ ನಡೆಯಿಂದಲೇ ತಿಳಿಯುತ್ತದೆ.

ಇಷ್ಟೂ ನಡೆಯುವಾಗ ಸಭಾಪತಿಯಾದ ಧೃತರಾಷ್ಟ್ರನು ಎಲ್ಲಿದ್ದನು? ಪಣವು ನಡೆಯುತ್ತಿದ್ದಾಗ ಗೆದ್ದಾಯಿತೇ, ಗೆದ್ದಾಯಿತೇ ಎಂದು ಕೇಳಿದವನು ವಿಕರ್ಣನನ್ನು ಗದರಿಸಿದಾಗ ಸುಮ್ಮನಿದ್ದನು. ಒಡೆಯನ ಮೌನವನ್ನು ಸಭೆಯು ತಟಸ್ಥವೆಂದು ಎಂದಿಗೂ ಓದುವುದಿಲ್ಲ; ಗದರಿಸಿದವನಿಗೆ ಸಂದ ಅನುಮತಿಯೆಂದೇ ಓದುತ್ತದೆ. ಭೀಷ್ಮದ್ರೋಣರ ಮೌನವನ್ನು ಕುರಿತು ವಿಮರ್ಶಕರು ಬಹಳವಾಗಿ ಬರೆದಿದ್ದಾರೆ. ಅವರ ಹೊಣೆಯು ಕಡಮೆಯೇನೂ ಅಲ್ಲ. ಆದರೆ ಆ ಮೌನಕ್ಕೆ ನೆಲವನ್ನು ಹದಮಾಡಿದವನು ಪೀಠದ ಮೇಲಿದ್ದವನು.

೩

ಧೃತರಾಷ್ಟ್ರನಲ್ಲಿ ಇನ್ನೊಂದು ಬಗೆಯ ದೋಷವೂ ಉಂಟು. ಅದು ಇನ್ನೂ ಸೂಕ್ಷ್ಮವಾದುದು. ಅವನು ಹಿತವಾದಿಯನ್ನು ದೂರವಿಟ್ಟವನಲ್ಲ. ಉದ್ಯೋಗಪರ್ವದಲ್ಲಿ ನಿದ್ರೆ ಬಾರದ ರಾತ್ರಿ ತಾನಾಗಿಯೇ ವಿದುರನನ್ನು ಕರೆಸಿಕೊಳ್ಳುತ್ತಾನೆ. ವಿದುರನೀತಿಯೆಂದು ಪ್ರಸಿದ್ಧವಾದ ಎಂಟು ಅಧ್ಯಾಯಗಳ ಉಪದೇಶವು ಹುಟ್ಟಿದುದು ಹೀಗೆ. ಅರಸನು ಬೇಸರಪಡುವುದಿಲ್ಲ, ಇನ್ನೂ ಹೇಳು ಎನ್ನುತ್ತಾನೆ. ಎಲ್ಲವನ್ನೂ ಕೇಳಿ ಕೊನೆಗೆ, ನೀನು ಹೇಳುವುದೆಲ್ಲ ಸರಿ, ಆದರೆ ದುರ್ಯೋಧನನನ್ನು ಕಂಡೊಡನೆ ಮನಸ್ಸು ತಿರುಗಿಬಿಡುತ್ತದೆ ಎಂಬ ಭಾವದ ಮಾತನ್ನಾಡುತ್ತಾನೆ. ಇದಕ್ಕೆ ಮುಂಚೆ ವನಪರ್ವದಲ್ಲಿ ಇದೇ ವಿದುರನು ಪಾಂಡವರ ಪರವಾಗಿ ನುಡಿದನೆಂದು ಕೋಪಿಸಿ, ಬೇಕಾದಲ್ಲಿಗೆ ಹೋಗೆಂದು ಕಳುಹಿಸಿಬಿಟ್ಟಿದ್ದನು. ಅವನು ಕಾಮ್ಯಕವನಕ್ಕೆ ಹೋದ ಮೇಲೆ ಪರಿತಪಿಸಿ ಸಂಜಯನನ್ನು ಅಟ್ಟಿ ಮರಳಿ ಕರೆಸಿಕೊಂಡನು.

ಇಂತಹ ಒಡೆಯನನ್ನು ಕ್ರೂರನೆನ್ನಲಾಗದು. ಹಿತವಾದಿಯಲ್ಲಿ ಅವನಿಗೆ ಪ್ರೀತಿಯೇ ಇದೆ. ಆದರೆ ಇಂದು ಕಳುಹಿಸಿ ನಾಳೆ ಕರೆಸುವವನ ಬಳಿ ಯಾವ ದಿನ ಏನಾಗುವುದೋ ಎಂಬ ಎಣಿಕೆ ತಪ್ಪಿದ್ದಲ್ಲ. ಕೇಳಿ, ಒಪ್ಪಿ, ಮಾಡದೆ ಇರುವುದು ಕೇಳದೆ ಇರುವುದಕ್ಕಿಂತ ಹೆಚ್ಚು ಕೆಡುಕನ್ನು ಮಾಡುತ್ತದೆ. ಏಕೆಂದರೆ ಅದು ಹಿತವಚನವನ್ನು ನಿದ್ರೆಯಿಲ್ಲದ ರಾತ್ರಿಯ ಉಪಶಮನವನ್ನಾಗಿ ಮಾಡಿಬಿಡುತ್ತದೆ. ವಿದುರನು ನಿರ್ಭಯನಾಗಿ ಮಾತನಾಡಿದನೆಂಬುದು ವಿದುರನ ಹಿರಿಮೆ. ಅದನ್ನು ಧೃತರಾಷ್ಟ್ರನ ಸಭೆಯ ಹಿರಿಮೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳಲಾಗದು. ವಿದುರನಷ್ಟು ಎದೆಗಾರಿಕೆಯಿಲ್ಲದ ಸಾಮಾನ್ಯನೂ ಮಾತನಾಡಬಲ್ಲನೇ ಎಂಬುದೇ ಸಭೆಯ ಒರೆಗಲ್ಲು.

೪

ಈ ಒರೆಗಲ್ಲಿನ ಮೇಲೆ ಉಜ್ಜಿ ನೋಡಬೇಕಾದ ಕಾವ್ಯಭಾಗವೆಂದರೆ ಕಿರಾತಾರ್ಜುನೀಯದ ಮೊದಲ ಎರಡು ಸರ್ಗಗಳು. ಭಾರವಿಯು ಕನ್ನಡನಾಡಿಗೆ ಪರಕೀಯನಲ್ಲ. ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನೊಡನೆ ಭಾರವಿಯ ಹೆಸರನ್ನು ಹೇಳಿದ್ದಾನೆ. ಗಂಗರಾಜನಾದ ದುರ್ವಿನೀತನು ಈ ಕಾವ್ಯದ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನವನ್ನು ಬರೆದನೆಂದು ಗಂಗರ ಶಾಸನಗಳು ಹೇಳುತ್ತವೆ. ಪಂಪನೂ ವನವಾಸದ ಕಥಾಭಾಗದಲ್ಲಿ ಭಾರವಿಗೆ ಋಣಿಯಾಗಿದ್ದಾನೆ.

ಕಾವ್ಯದ ಆರಂಭದಲ್ಲಿ ಒಬ್ಬ ಬೇಡನು ಬ್ರಹ್ಮಚಾರಿಯ ವೇಷದಲ್ಲಿ ದುರ್ಯೋಧನನ ಆಳಿಕೆಯನ್ನು ನೋಡಿಕೊಂಡು ದ್ವೈತವನಕ್ಕೆ ಹಿಂದಿರುಗುತ್ತಾನೆ. ಅವನು ತಂದಿರುವ ಸುದ್ದಿಯು ಯುಧಿಷ್ಠಿರನಿಗೆ ಅಪ್ರಿಯವಾದುದು: ಶತ್ರುವು ರಾಜ್ಯವನ್ನು ಕೆಡಿಸುತ್ತಿಲ್ಲ, ಚೆನ್ನಾಗಿಯೇ ಆಳುತ್ತಿದ್ದಾನೆ, ಪ್ರಜೆಗಳೂ ಸಾಮಂತರೂ ಅವನಿಗೆ ಒಲಿಯುತ್ತಿದ್ದಾರೆ. ಇದನ್ನು ಹೇಳುವಾಗ ಬೇಡನ ಮನಸ್ಸು ಅಳುಕಲಿಲ್ಲವೆಂದು ಕವಿಯು ಹೇಳುತ್ತಾನೆ. ಏಕಾಂತದಲ್ಲಿ ಅನುಮತಿಯನ್ನು ಪಡೆದು, ಕಹಿಯಾದರೆ ಕ್ಷಮಿಸಬೇಕೆಂದು ಮೊದಲೇ ಕೇಳಿಕೊಂಡು, ಹೇಳದ ಮಂತ್ರಿಯೂ ಕೇಳದ ಒಡೆಯನೂ ಸಮನಾಗಿ ಕೆಟ್ಟವರೆಂಬ ಸೂತ್ರವನ್ನು ಮುಂದಿಟ್ಟು ಅವನು ಮಾತಿಗೆ ತೊಡಗುತ್ತಾನೆ. ಕಾಡಿನ ಬೇಡನ ಬಾಯಲ್ಲಿ ರಾಜನೀತಿಯ ಈ ಸೂತ್ರವೇಕೆಂದು ಶಂಕಿಸಬಹುದು. ಆದರೆ ಕವಿಯು ಬೇಕೆಂದೇ ಸಮಾಜದ ಕೆಳಗಿನ ಮೆಟ್ಟಿಲಲ್ಲಿರುವವನ ಬಾಯಲ್ಲಿ ಅದನ್ನಿಟ್ಟಿದ್ದಾನೆ. ಮಾತನಾಡುವ ಧೈರ್ಯವು ಇಲ್ಲಿ ಪದವಿಯಿಂದ ಬಂದುದಲ್ಲ. ಕೇಳುವವನ ಮೇಲಣ ನಂಬಿಕೆಯಿಂದ ಬಂದುದು.

ಆ ನಂಬಿಕೆಗೆ ತಕ್ಕಂತೆ ಯುಧಿಷ್ಠಿರನು ನಡೆದುಕೊಳ್ಳುವ ಬಗೆಯನ್ನು ಕವಿಯು ಬಹಳ ಮಿತವಾಗಿ ಸೂಚಿಸಿದ್ದಾನೆ. ಬೇಡನು ಸತ್ಕಾರವನ್ನು ಪಡೆದು ಹೋಗುತ್ತಾನೆ. ಕೆಟ್ಟ ಸುದ್ದಿಯನ್ನು ತಂದವನಿಗೆ ಸತ್ಕಾರ! ಆಮೇಲೆ ಅರಸನು ಆ ಸುದ್ದಿಯನ್ನು ತನ್ನಲ್ಲಿಯೇ ಬಚ್ಚಿಟ್ಟುಕೊಳ್ಳುವುದಿಲ್ಲ. ದ್ರೌಪದಿಯ ಬಿಡಾರಕ್ಕೆ ಹೋಗಿ ತಮ್ಮಂದಿರ ಸಮ್ಮುಖದಲ್ಲಿ ಇದ್ದುದನ್ನು ಇದ್ದಂತೆಯೇ ತಿಳಿಸುತ್ತಾನೆ. ತನ್ನ ಸೋಲನ್ನು ಎತ್ತಿಹೇಳುವ ಸುದ್ದಿಯನ್ನು ತಾನೇ ಬಿಚ್ಚಿಡುವುದರಿಂದ ಉಳಿದವರ ಬಾಯಿಗೂ ಬೀಗ ತೆಗೆದಂತಾಗುತ್ತದೆ.

ಹಾಗೆಯೇ ಆಗುತ್ತದೆ. ದ್ರೌಪದಿಯು ನಿಮ್ಮಂತಹವರಿಗೆ ಹೆಂಗಸಿನ ಉಪದೇಶವು ಧಿಕ್ಕಾರದಂತೆ ತೋರೀತು ಎಂಬ ಸಂಕೋಚದಿಂದ ತೊಡಗಿ, ದುಃಖವೇ ಮೇರೆ ಮೀರಿಸುತ್ತಿದೆಯೆಂದು ಹೇಳಿ, ಗಂಡನ ಕ್ಷಮೆಯನ್ನೇ ಕಠಿನವಾಗಿ ಖಂಡಿಸುತ್ತಾಳೆ. ಭೀಮನು ಅವಳ ಮಾತನ್ನು ಸಮರ್ಥಿಸಿ ಇನ್ನೂ ಬಿರುಸಾಗಿ ನುಡಿಯುತ್ತಾನೆ. ಯುಧಿಷ್ಠಿರನ ಉತ್ತರವು ಎರಡನೆಯ ಸರ್ಗದ ತಿರುಳು. ಕೆರಳಿದ ಆನೆಯನ್ನು ಸಂತೈಸುವವನಂತೆ ಅವನು ಮಾತಿಗೆ ತೊಡಗಿದನೆಂದು ಕವಿ ಹೇಳುತ್ತಾನೆ. ಮೊದಲು ಭೀಮನ ಮಾತಿನ ಗುಣಗಳನ್ನು, ಅದರ ಸ್ಪಷ್ಟತೆ, ಅರ್ಥಗೌರವ, ಯುಕ್ತಿ ಇವುಗಳನ್ನು ಒಂದೊಂದಾಗಿ ಎತ್ತಿ ಮೆಚ್ಚುತ್ತಾನೆ. ಅನಂತರ ಮಾತ್ರ, ವಿವೇಚಿಸದೆ ಮಾಡುವ ಕಾರ್ಯವು ಆಪತ್ತಿಗೆ ಮನೆಯೆಂದು ಕಾರಣಸಹಿತವಾಗಿ ತನ್ನ ಭಿನ್ನಮತವನ್ನು ನಿರೂಪಿಸುತ್ತಾನೆ.

ಈ ಮೆಚ್ಚಿಕೆಯನ್ನು ಬರಿಯ ಉಪಚಾರವೆಂದು ತಳ್ಳಿಹಾಕುವ ಓದುಗರುಂಟು; ಅದರಲ್ಲಿ ಕೊಂಕನ್ನು ಕಾಣುವವರೂ ಉಂಟು. ಉಪಚಾರವೇ ಆಗಿದ್ದರೆ ಕಾರಣಗಳನ್ನು ವಿಸ್ತರಿಸುವ ಅಗತ್ಯವಿರಲಿಲ್ಲ. ಅಣ್ಣನೂ ಅರಸನೂ ಆದವನು ಆಜ್ಞಾಪಿಸಿದ್ದರೆ ಸಾಕಾಗಿತ್ತು. ಇಲ್ಲಿ ಧೃತರಾಷ್ಟ್ರನಿಗೂ ಯುಧಿಷ್ಠಿರನಿಗೂ ಇರುವ ಅಂತರವು ನಿಚ್ಚಳವಾಗುತ್ತದೆ. ಅವನು ಒಪ್ಪಿಯೂ ಕೇಳದವನು. ಇವನು ಒಪ್ಪದೆಯೂ ಕೇಳಿದವನು. ಸಭೆಯಲ್ಲಿ ನಿರ್ಭೀತಿಯಿದೆಯೆಂದರೆ ಹೇಳಿದ್ದೆಲ್ಲ ನಡೆಯಬೇಕೆಂದು ಅರ್ಥವಲ್ಲ. ಹೇಳಿದ ಮಾತಿಗೆ ಮಾತಿನ ಗೌರವವು ದೊರೆತು, ಅದಕ್ಕೆ ಕಾರಣದಿಂದಲೇ ಉತ್ತರ ಬರಬೇಕೆಂದು ಅರ್ಥ. ಭೀಮನು ಇದರಿಂದ ಪೂರ್ಣವಾಗಿ ಸಮಾಧಾನಗೊಂಡನೋ ಇಲ್ಲವೋ, ಮುಂದೆ ಮಾತನಾಡುವುದನ್ನು ಬಿಡಲಿಲ್ಲವೆಂಬುದು ಭಾರತವನ್ನು ಓದಿದವರಿಗೆ ವಿದಿತವೇ ಇದೆ. ಸರ್ಗದ ಕೊನೆಯಲ್ಲಿ ವ್ಯಾಸರು ಬರುವರು. ಅವರ ಉಪದೇಶದಂತೆ ಅರ್ಜುನನು ತಪಸ್ಸಿಗೆ ತೆರಳುವನು. ಭೀಮನ ಯುದ್ಧೋತ್ಸಾಹವೂ ಯುಧಿಷ್ಠಿರನ ಕಾಲಾಪೇಕ್ಷೆಯೂ ಆ ಮೂರನೆಯ ದಾರಿಯಲ್ಲಿ ಕೂಡಿಕೊಳ್ಳುತ್ತವೆ.

೫

ದುರ್ಯೋಧನನ ಆಸ್ಥಾನವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರವು ಕಾಣುತ್ತದೆ. ಅಲ್ಲಿ ಬಿಚ್ಚುಮಾತಿಗೆ ಕೊರತೆಯಿಲ್ಲ. ಕ್ರಿ. ಶ. ೯೪೧ರ ಪಂಪಭಾರತದಲ್ಲಿ ಭೀಷ್ಮನಿಗೆ ಸೇನಾಪತಿಯ ಪಟ್ಟವಾಗುವ ಸಂದರ್ಭವು ಕನ್ನಡಸಾಹಿತ್ಯದಲ್ಲಿಯೇ ಅತ್ಯಂತ ಬಿರುಸಿನ ಸಂವಾದಗಳಲ್ಲಿ ಒಂದು. ಕರ್ಣನು ಭೀಷ್ಮನ ಮುಪ್ಪನ್ನು ಹಳಿಯುತ್ತಾನೆ. ದ್ರೋಣನು ಕರ್ಣನ ಕುಲವನ್ನೆತ್ತಿ ಚುಚ್ಚುತ್ತಾನೆ. ಕುಲವೆಂಬುದು ಹುಟ್ಟಿನದಲ್ಲ, ಗುಣಪರಾಕ್ರಮಗಳದೆಂಬ ಅರ್ಥದ ಪ್ರಸಿದ್ಧ ಪ್ರತ್ಯುತ್ತರವು ಕರ್ಣನಿಂದ ಹೊರಡುತ್ತದೆ. ಭೀಷ್ಮನು ಯುದ್ಧದಲ್ಲಿ ನಿನ್ನ ಸರದಿಯೂ ಬರುವುದೆಂದು ಶಾಂತವಾಗಿ ನುಡಿದು ಮುಗಿಸುತ್ತಾನೆ. ಭೀಷ್ಮನು ಬೀಳುವವರೆಗೆ ಕರ್ಣನು ಆಯುಧವನ್ನು ಹಿಡಿಯುವುದಿಲ್ಲ.

ವ್ಯಾಸಭಾರತದಲ್ಲಿ ಈ ಜಗಳಕ್ಕೆ ನೆಪವಾದುದು ರಥಾತಿರಥರ ಎಣಿಕೆ. ಭೀಷ್ಮನು ಕರ್ಣನನ್ನು ಅರ್ಧರಥನೆಂದು ಎಣಿಸುತ್ತಾನೆ. ಅಲ್ಲಿ ದುರ್ಯೋಧನನು ನಡುವೆ ಬಂದು ಭೀಷ್ಮನನ್ನು ಸಂತೈಸುವುದುಂಟು. ಆದರೆ ಅವನ ಮಾತಿನ ಭಾವವು, ನನ್ನ ಕಡೆ ನೋಡಿರಿ, ದೊಡ್ಡ ಕಾರ್ಯವು ಮುಂದಿದೆ, ನೀವಿಬ್ಬರೂ ನನ್ನ ಕೆಲಸವನ್ನು ಮಾಡಬೇಕಾದವರು ಎಂಬಷ್ಟೇ. ಗಾಯಗೊಂಡ ಮಾನಕ್ಕೆ ಮದ್ದಿಲ್ಲ. ತಪ್ಪು ಒಪ್ಪುಗಳ ವಿಚಾರವಿಲ್ಲ. ಇಬ್ಬರು ಮಹಾವೀರರ ನಡುವಣ ಬಿರುಕನ್ನು ಅವನು ತನ್ನ ಪ್ರಯೋಜನದ ಬಟ್ಟೆಯಿಂದ ಮುಚ್ಚುತ್ತಾನೆ. ಪಂಪನಲ್ಲಿಯಂತೂ ತಡೆದು ನುಡಿಯುವ ದನಿಯು ದ್ರೋಣನದು, ಅರಸನದಲ್ಲ. ಫಲವೇನೆಂದರೆ, ಭೀಷ್ಮನು ಸೇನೆಯನ್ನು ನಡೆಸಿದ ಹತ್ತು ದಿನಗಳೂ ಕೌರವರ ಶ್ರೇಷ್ಠ ಬಿಲ್ಲಾಳು ರಣರಂಗದಿಂದ ಹೊರಗೆ ಉಳಿದನು.

ಭೀಷ್ಮನು ಶರಶಯ್ಯೆಯಲ್ಲಿ ಮಲಗಿರುವಾಗ ಕರ್ಣನು ಬಂದು ಕಾಲಿಗೆರಗಿ ಕ್ಷಮೆಯನ್ನು ಬೇಡುವ ಭಾಗವನ್ನು ಇದರೊಡನೆ ಜೋಡಿಸಿ ಓದಬೇಕು. ಹಿರಿಯನು ಕೋಪವನ್ನಿಟ್ಟುಕೊಳ್ಳದೆ ಪ್ರೀತಿಯಿಂದ ಮಾತನಾಡಿಸುತ್ತಾನೆ. ಇಬ್ಬರ ಹೃದಯದಲ್ಲಿಯೂ ಪರಸ್ಪರ ಗೌರವವಿತ್ತೆಂದು ಆಗ ತಿಳಿಯುತ್ತದೆ. ಅದು ಹೊರಬರಲು ಒಬ್ಬನು ಬಾಣಗಳ ಮೇಲೆ ಮಲಗಬೇಕಾಯಿತು, ಸಭೆಯು ಇಲ್ಲವಾಗಬೇಕಾಯಿತು. ಸಭೆಯಲ್ಲಿ ಆಡಲಾಗದ ಮಾತು ಸಾವಿನ ಸನ್ನಿಧಿಯಲ್ಲಿ ಆಡಲಾಯಿತೆಂಬುದೇ ಆ ಆಸ್ಥಾನದ ಮೇಲೆ ಕವಿಯು ಕೊಟ್ಟ ತೀರ್ಪು.

ಇದರಿಂದ ಮುಖ್ಯವಾದ ವಿವೇಕವೊಂದು ದೊರೆಯುತ್ತದೆ. ವಾಕ್ಪ್ರಸರವೇ ನಿರ್ಭೀತಿಯಲ್ಲ. ಬಾಯಿಗೆ ಬಂದುದನ್ನು ಆಡುವ ಸ್ವಾತಂತ್ರ್ಯವು ಬಲಿಷ್ಠರಿಗೆ ಎಲ್ಲ ಸಭೆಗಳಲ್ಲಿಯೂ ಉಂಟು. ಆಡಿದ ಮಾತು ಗಾಯವಾಗದೆ ಮಂತ್ರವಾಗುವಂತೆ ಮಾಡುವ ವ್ಯವಸ್ಥೆಯು ದುರ್ಲಭ. ಅದನ್ನು ಮಾಡಬೇಕಾದವನು ಒಡೆಯ.

೬

ಈ ವಿವೇಕಕ್ಕೆ ಅತ್ಯಂತ ಕಠೋರವಾದ ನಿದರ್ಶನವು ಕರ್ಣಪರ್ವದಲ್ಲಿದೆ. ಶಲ್ಯನು ಕರ್ಣನ ಸಾರಥಿಯಾಗಲು ಒಪ್ಪುವಾಗ ಒಂದು ಕರಾರನ್ನು ಹಾಕುತ್ತಾನೆ: ಕರ್ಣನೆದುರಿನಲ್ಲಿ ತನಗೆ ತೋಚಿದ ಮಾತನ್ನು ತಾನು ಆಡುವೆನು. ದುರ್ಯೋಧನನೂ ಕರ್ಣನೂ ಒಪ್ಪುತ್ತಾರೆ. ಪ್ರಾಚೀನಸಾಹಿತ್ಯದಲ್ಲಿ ಮಾತಿನ ಸ್ವಾತಂತ್ರ್ಯಕ್ಕೆ ಇಷ್ಟು ಸ್ಪಷ್ಟವಾದ ಒಡಂಬಡಿಕೆ ವಿರಳ. ಆದರೆ ಅದೇ ಶಲ್ಯನು ಯುದ್ಧಕ್ಕೆ ಮುಂಚೆಯೇ ಕರ್ಣನ ತೇಜಸ್ಸನ್ನು ಕುಗ್ಗಿಸುವೆನೆಂದು ಯುಧಿಷ್ಠಿರನಿಗೆ ಮಾತುಕೊಟ್ಟಿರುತ್ತಾನೆ. ರಥವು ಹೊರಟೊಡನೆ ಹಂಸಕಾಕೀಯದಂತಹ ಚುಚ್ಚುಕಥೆಗಳು ತೊಡಗುತ್ತವೆ. ಕರ್ಣನು ಮದ್ರದೇಶದವರನ್ನೆಲ್ಲ ಹಳಿಯುತ್ತಾನೆ. ದುರ್ಯೋಧನನು ಬಂದು ಒಬ್ಬನನ್ನು ಸ್ನೇಹದಿಂದಲೂ ಇನ್ನೊಬ್ಬನನ್ನು ಕೈಮುಗಿದೂ ತಡೆಯಬೇಕಾಗುತ್ತದೆ.

ಹೀಗೆ ಬೆಳೆದ ವೈಮನಸ್ಯದ ನಡುವೆ ನಿರ್ಣಾಯಕವಾದ ಗಳಿಗೆ ಬರುತ್ತದೆ. ಕರ್ಣನು ಸರ್ಪಬಾಣವನ್ನು ಅರ್ಜುನನ ಕೊರಳಿಗೆ ಗುರಿಯಿಟ್ಟಾಗ ಶಲ್ಯನು, ಈ ಬಾಣವು ಕೊರಳನ್ನು ಮುಟ್ಟದು, ಸರಿಯಾಗಿ ನೋಡಿ ತೊಡು ಎನ್ನುತ್ತಾನೆ. ಕರ್ಣನು ಒಮ್ಮೆ ತೊಟ್ಟುದನ್ನು ಮತ್ತೆ ತೊಡುವವನಲ್ಲವೆಂದು ನಿರಾಕರಿಸುತ್ತಾನೆ. ಕೃಷ್ಣನು ರಥವನ್ನು ನೆಲಕ್ಕೆ ಒತ್ತುತ್ತಾನೆ. ಬಾಣವು ಕಿರೀಟವನ್ನು ಹಾರಿಸಿ ಹೋಗುತ್ತದೆ. ಕುಮಾರವ್ಯಾಸನಲ್ಲಿ ಶಲ್ಯನು ಮುನಿದು ರಥವನ್ನೇ ಇಳಿದುಹೋಗುತ್ತಾನೆ.

ಕರ್ಣನ ನಿರಾಕರಣೆಯನ್ನು ಸಾಮಾನ್ಯವಾಗಿ ಅವನ ಛಲಕ್ಕೂ ವೀರಮರ್ಯಾದೆಗೂ ಸಾಕ್ಷಿಯೆಂದು ವ್ಯಾಖ್ಯಾನಿಸುವುದು ವಾಡಿಕೆ. ಅದು ಸರಿಯೇ; ಆದರೆ ಅಷ್ಟಕ್ಕೇ ನಿಲ್ಲಬಾರದು. ಅಷ್ಟು ಹೊತ್ತೂ ತನ್ನನ್ನು ಕಾಗೆಗೆ ಹೋಲಿಸಿದ ಬಾಯಿಂದ ಬಂದ ಸೂಚನೆಯನ್ನು ಹಿತವೆಂದು ಗುರುತಿಸಲು ಕರ್ಣನಿಗೆ ಯಾವ ಆಧಾರವಿತ್ತು? ಹೇಳಲು ಪೂರ್ಣ ಸ್ವಾತಂತ್ರ್ಯವಿತ್ತು. ಕೇಳಲು ಬೇಕಾದ ವಿಶ್ವಾಸವಿರಲಿಲ್ಲ. ಒಡಂಬಡಿಕೆಯಿಂದ ಮೊದಲನೆಯದು ದೊರೆಯಿತು. ಎರಡನೆಯದನ್ನು ಒಡಂಬಡಿಕೆಯು ಕೊಡಲಾರದು. ಅದೇ ಹೊತ್ತಿನಲ್ಲಿ ಎದುರಿನ ರಥದ ಮೇಲೂ ಒಬ್ಬ ಸಾರಥಿಯಿದ್ದನು. ಅವನೂ ಯೋಧನಿಗೆ ಕಹಿಯಾದುದನ್ನು ಹೇಳಿದವನೇ. ಆದರೆ ಆ ಇಬ್ಬರ ನಡುವೆ ಮೊದಲಿನಿಂದ ಬೆಳೆದುಬಂದ ಸಖ್ಯವಿತ್ತು. ಎರಡು ರಥಗಳ ಭೇದವು ಬಿಲ್ಲುಗಾರರಲ್ಲಿರುವಷ್ಟೇ ಸಾರಥಿಗಳೊಡನೆ ಅವರಿಗಿದ್ದ ಸಂಬಂಧದಲ್ಲಿಯೂ ಇದೆ.

೭

ಈ ವಾದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಇಷ್ಟು ಹೊಗಳಿಸಿಕೊಂಡ ಯುಧಿಷ್ಠಿರನೇ ಜೂಜಿನಲ್ಲಿ ಎಲ್ಲವನ್ನೂ ಸೋತವನಲ್ಲವೇ? ವಿದುರನು ದ್ಯೂತದ ಕೆಡುಕನ್ನು ಸೂಚಿಸಿದಾಗಲೂ ಕರೆ ಬಂದ ಮೇಲೆ ಹೋಗದಿರಲಾರೆನೆಂದು ಹೊರಟವನಲ್ಲವೇ? ಇದು ನಿಜವಾದ ಆಕ್ಷೇಪ. ಚೆನ್ನಾಗಿ ಕೇಳುವ ಒಡೆಯನೂ ತಪ್ಪು ಮಾಡಬಲ್ಲನೆಂಬುದನ್ನು ವ್ಯಾಸರು ಮರೆಮಾಚಿಲ್ಲ. ಆದರೆ ತಪ್ಪಿನ ಅನಂತರದ ನಡೆಯಲ್ಲಿ ಭೇದವು ಕಾಣುತ್ತದೆ. ಸೋತು ಕಾಡಿಗೆ ಬಂದ ಮೇಲೆ ಅವನು ಹೆಂಡತಿಯ ಬಾಯಿಂದಲೂ ತಮ್ಮನ ಬಾಯಿಂದಲೂ ತನ್ನ ತಪ್ಪನ್ನು ಕೇಳಿಸಿಕೊಳ್ಳುವುದನ್ನು ನಿಲ್ಲಿಸಲಿಲ್ಲ. ತಪ್ಪನ್ನು ಮಾತನಾಡಲು ಬರುವ ಕುಟುಂಬವು ಒಡೆಯಲಿಲ್ಲ. ಹದಿಮೂರು ವರ್ಷಗಳ ವನವಾಸ ಅಜ್ಞಾತವಾಸಗಳಲ್ಲಿ ಐವರೂ ಒಟ್ಟಿಗಿದ್ದುದಕ್ಕೆ ಧರ್ಮವೊಂದೇ ಕಾರಣವಲ್ಲ. ಈ ಅಭ್ಯಾಸವೂ ಕಾರಣ.

ಇನ್ನೊಂದು ಆಕ್ಷೇಪವೂ ಉಂಟು. ಮನೆಯೊಳಗಿನ ನಾಲ್ಕು ಜನರ ನಡುವೆ ಸಾಧ್ಯವಾದುದು ಸಾವಿರ ಜನರ ರಾಜಸಭೆಯಲ್ಲಿ ಸಾಧ್ಯವೇ? ಭಾರವಿಯು ಮೊದಲು ತಂದು ನಿಲ್ಲಿಸುವುದು ಬಂಧುವನ್ನಲ್ಲ, ಬೇಡನನ್ನು ಎಂಬುದೇ ಇದಕ್ಕೆ ಉತ್ತರ. ಸತ್ಕಾರವು ಸಂಬಂಧವನ್ನು ನೋಡಿ ಆದುದಲ್ಲ, ಸತ್ಯವನ್ನು ನೋಡಿ ಆದುದು.

ಕಾವ್ಯಬೋಧಕರಿಗೆ ಇದರಿಂದ ಒಂದು ಕರ್ತವ್ಯವು ಒದಗುತ್ತದೆ. ಕುಲವನ್ನು ಕುರಿತ ಕರ್ಣನ ಪದ್ಯವನ್ನು ಬಿಡಿಮುತ್ತಾಗಿ ಆಯ್ದು ಕಂಠಪಾಠ ಮಾಡಿಸುವುದು ನಮ್ಮ ಪಠ್ಯಗಳ ರೂಢಿ. ಪದ್ಯವು ಅದಕ್ಕೆ ಅರ್ಹವೇ. ಆದರೆ ಅದು ಹೊರಟ ಸಭೆಯನ್ನು ಬಿಟ್ಟು ಪದ್ಯವನ್ನು ಮಾತ್ರ ಕಲಿಸಿದರೆ, ಅಂತಹ ಮಾತನ್ನು ಒಬ್ಬ ವೀರನು ಗಾಯಗೊಂಡ ಮೇಲೆ ಮಾತ್ರ ಆಡಬೇಕಾದ ಸ್ಥಿತಿಯನ್ನು ತಂದವರಾರು ಎಂಬ ಪ್ರಶ್ನೆಯು ವಿದ್ಯಾರ್ಥಿಯ ಮನಸ್ಸಿನಲ್ಲಿ ಏಳುವುದೇ ಇಲ್ಲ. ವಿದುರನೀತಿಯನ್ನು ಓದಿಸುವಾಗ ಅದನ್ನು ಕೇಳಿದವನ ಕೊನೆಯ ಮಾತನ್ನೂ, ವಿಕರ್ಣನ ವಾದವನ್ನು ಓದಿಸುವಾಗ ಸಭೆಯಲ್ಲಿ ಎದ್ದು ಅಡಗಿದ ಕೋಲಾಹಲವನ್ನೂ, ಬೇಡನ ವರದಿಯನ್ನು ಓದಿಸುವಾಗ ಅವನು ಪಡೆದ ಸತ್ಕಾರವನ್ನೂ ಒಟ್ಟಿಗೇ ತೋರಿಸಬೇಕು. ಹೇಳಿದವನ ಗುಣವನ್ನು ಅಳೆಯುವ ಕೋಲಿನಿಂದಲೇ ಕೇಳಿದವನನ್ನೂ ಅಳೆದಾಗ ಭಾರತಕಾವ್ಯಗಳ ರಾಜನೀತಿಯು ಪೂರ್ಣವಾಗಿ ತಿಳಿಯುತ್ತದೆ.